ಹೋಲ್ಡಾನ್

ಹದಿನೇಳು ವರ್ಷ ಮಡಿಕೇರಿ–ವಿರಾಜಪೇಟೆ ರೂಟಿನಲ್ಲಿ
ನಿಂತೇ ಬದುಕಿದವನು ನಾನು.
ಮೇಕೇರಿ, ಹಾಕತ್ತೂರು, ಮೂರ್ನಾಡು, ಬೇತ್ರಿ ಸೇತುವೆ,
ಕಣ್ಣು ಮುಚ್ಚಿದರೂ ಬಸ್ಸು ಎಲ್ಲಿದೆಯೆಂದು
ಪಾದಕ್ಕೆ ಗೊತ್ತಾಗುತ್ತಿತ್ತು.

ಈಗ ಮಂಚದಿಂದ ಬಚ್ಚಲಿಗೆ
ಲಾಂಗ್ ರೂಟು.
ಹಲ್ಲುಜ್ಜಿ ಬಂದರೆ ಮತ್ತೆ ಮಲಗಬೇಕು.
ಎಷ್ಟು ನಿದ್ದೆ ಮಾಡಿ ಎದ್ದರೂ, ರಾತ್ರಿಯೆಲ್ಲ ಯಾರೋ
ನನ್ನ ಮೈಯಿಂದ ಮರಳು ಹೊರಿಸಿದ ಹಾಗೆ.
ಬೇಸರವಂತೆ. ಬೇಸರವಲ್ಲ ಮಾರಾಯ್ರೇ,
ಬೇಸರಪಡಲಿಕ್ಕೂ ಒಂದಿಷ್ಟು ಕಸುವು ಬೇಕು.

ಡಾಕ್ಟರು ರಾತ್ರಿಗೊಂದು ಮಾತ್ರೆ ಬರೆದರು.
ಅದರ ಕೆಳಗೆ, ಅದೇ ಚೀಟಿಯಲ್ಲಿ, ಅದೇ ಪೆನ್ನಿನಲ್ಲಿ:
ನಡಿಗೆ. ನಾಲ್ಕು ನಿಮಿಷ. ದಿನಕ್ಕೊಮ್ಮೆ.
ನಗು ಬಂತು.
ಆ ತಿಂಗಳಿನ ಮೊದಲ ನಗು.

ಫಿಜಿಯೋ ಚೋಂದಮ್ಮ ಮೇಡಂ ಒಂದೇ ಮಾತು ಹೇಳಿದರು:
"ಇನ್ನೂ ಆಗ್ತದೆ ಅನ್ನುವಾಗಲೇ ನಿಲ್ಲಬೇಕು."

ಮೊದಲ ದಿನ ಮೆಟ್ಟಿಲಿಳಿದು
ತಿರುವಿನ ಸಿಲ್ವರ್ ಮರ ಮುಟ್ಟಿ ವಾಪಸ್ಸು.
ತೊಗಟೆ ಒದ್ದೆಯಿತ್ತು. ಆ ತಣ್ಣಗು
ಮಧ್ಯಾಹ್ನದವರೆಗೂ ಅಂಗೈಯಲ್ಲಿತ್ತು.
ನಾಲ್ಕು. ನಾಲ್ಕು. ಐದು. ಏಳು.
ಹಳೆಯ ವೇಬಿಲ್ಲಿನ ಹಿಂಬದಿಯಲ್ಲಿ ಬರೆದಿಟ್ಟೆ.
ಮೀನಿನ ಉಸ್ಮಾನ್ ಸ್ಕೂಟರು ನಿಧಾನಿಸಿ ಕೇಳಿದ,
"ಕಂಡಕ್ಟ್ರೇ, ಡ್ಯೂಟಿಗಾ?"
"ಹ್ಞೂಂ, ಟ್ರಯಲ್ಲು."

ಆಮೇಲೊಂದು ಬೆಳಿಗ್ಗೆ ಕಾಫಿ ಹೂವಿನ ವಾಸನೆ,
ಕಾಲಿಗೆ ಇದ್ದಕ್ಕಿದ್ದಂತೆ ಸೊಕ್ಕು.
ನೀರಿನ ಟ್ಯಾಂಕಿನವರೆಗೂ ಹತ್ತಿಬಿಟ್ಟೆ.
ಮೇಲಿಂದ ನೋಡಿದರೆ ನನ್ನದೇ ಬಸ್ಸು
ಬೇರೆ ಯಾರದೋ ಸೀಟಿಗೆ ಹೊರಡುತ್ತಿತ್ತು.
ಐದು ದಿನ ಹಾಸಿಗೆ ಬಿಡಲಿಲ್ಲ.
ವೇಬಿಲ್ಲಿನಲ್ಲಿ ಐದು ಸೊನ್ನೆ.
ಲೀಲಾ ಗಂಜಿಯ ಬಟ್ಟಲು ತಂದಿಟ್ಟು, ಏನೂ ಕೇಳದೆ,
ಕಿಟಕಿ ಮಾತ್ರ ತೆರೆದು ಹೋಗುತ್ತಿದ್ದಳು.

ಮೇಡಂ ಬೈಯಲಿಲ್ಲ. ಸೊನ್ನೆಗಳ ಮೇಲೆ ಬೆರಳಿಟ್ಟು,
"ಒಳ್ಳೆ ದಿನಾನೂ ಅಷ್ಟೇ, ಕೆಟ್ಟ ದಿನಾನೂ ಅಷ್ಟೇ.
ಖಾಲಿ ಇದ್ರೂ ನೀವು ಬಸ್ಸು ಟೈಮಿಗೆ ಬಿಡ್ತಿರಲಿಲ್ವಾ?"
ಮತ್ತೆ ನಾಲ್ಕರಿಂದ.

ಈಗ ಹನ್ನೊಂದು ನಿಮಿಷ.
ಗುಣವಾಯಿತೆಂದು ಹೇಳಲಾರೆ. ಮಾತ್ರೆ ಇನ್ನೂ ಇದೆ,
ಮರಳೂ ಇದೆ, ಕೆಲವು ರಾತ್ರಿ ಒಂದೆರಡು ಬುಟ್ಟಿ ಕಡಿಮೆ.
ನಿನ್ನೆ ಸಾರಿಗೆ ಉಪ್ಪು ಸಾಲದೆಂದು ಗೊತ್ತಾಯಿತು.
ಲೀಲಾ ಉಪ್ಪಿನ ಭರಣಿ ದೂಡಿದಳು,
ಅವಳ ಕಣ್ಣು ತುಂಬಿದ್ದು ಯಾಕೋ.

ತಿರುವಿನಲ್ಲಿ ಕಾಲು ಇನ್ನೂ ಬೇಕೆನ್ನುತ್ತದೆ.
ಗಟ್ಟಿಯಾಗಿಯೇ ಕೂಗುತ್ತೇನೆ: ಹೋಲ್ಡಾನ್!
ಹಿಂದೆ ಬರುವ ಪೊನ್ನಕ್ಕನ ನಾಯಿಯೂ ನಿಲ್ಲುತ್ತದೆ.
ಇಬ್ಬರೂ ಸ್ವಲ್ಪ ಹೊತ್ತು ರಸ್ತೆ ನೋಡುತ್ತೇವೆ,
ಇಳಿಯಬೇಕಾದವರು ಇಳಿಯಲಿ ಎಂಬಂತೆ.