ಉಗುರುಬಣ್ಣದ ಗೆರಿ

ಬನಹಟ್ಟಿಯಾಗ ಹದಿನೆಂಟು ವರ್ಷ
ಪಾವರ್‌ಲೂಮಿನ ನಟ್ಟು ತಿರುವಿದೆ.
ಎಡಗಿವಿ ಅಲ್ಲೇ ಬಿಟ್ಟು ಬಂದೆ.
ಉಳಿದ ಬಲಗಿವಿ, ಒಂದು ಚೀಲ ಪಾನಾ
ಈಗ ಗೋವಾದ ಶಿರ್ದಾಂವ್ ದಂಡಿಯಾಗ,
ಯುಫೇಮಿಯಾ ಅಕ್ಕೋರ ಜೋಡುದೋಣಿಯ ಬುಡಕ್ಕ.

ದೋಣಿ ಹೆಸರು ದೊಗಿ ಭಯ್ಣಿ, ಅಂದರ ಅಕ್ಕತಂಗಿ.
ಎರಡು ಸಪೂರ ಮೈ, ನಡುವ ಎರಡು ಅಲ್ಯುಮಿನಿಯಂ ತೊಲಿ,
ತೊಲಿಗೆ ಬಿಗಿದ ಬಲಿ, ಕೂಡಲಿಕ್ಕೆ ಅದೇ ಜಮಖಾನ.
ಒಂದು ಕಂಬ. ತ್ಯಾಪಿ ಹಾಕಿದ ಒಂದು ಹಾಯಿ.
ಯಾವಾಕಿ ಅಕ್ಕ, ಯಾವಾಕಿ ತಂಗಿ, ಅಂತ ಕೇಳಿದ್ದೆ ಒಮ್ಮೆ.
ಗಾಳಿ ಯಾವ ಕಡಿಂದ ಬರತೈತಿ ನೋಡು, ಅಂದ್ರು.

ಒಬ್ಬಾಕಿ ತೆರಿ ಏರಿದಾಗ ಇನ್ನೊಬ್ಬಾಕಿ ತಗ್ಗಿನಾಗ.
ಆಕಿ ಏರೂತನಕ ಈಕಿ ಇಳದಾಳ.
ಇಬ್ಬರ ಜಗ್ಗಾಟ ಹೊರೂದು
ನನ್ನ ಕಿರುಬೆರಳಿಗಿಂತ ಸಣ್ಣ ಎಂಟು ಬೋಲ್ಟು.

ಹೋದ ಐತವಾರ ಎಡಗಡೆ ಚುಕ್ಕಾಣಿಯ ಪಿನ್ನು
ಝುವಾರಿ ನಡುವ ಕಳಚಿ ಬಿತ್ತು.
ಅದಿರಿನ ಬಾರ್ಜು ಭೋಂ ಅಂತ ಬರತಿತ್ತು.
ಮೂವತ್ತೊಂದು ವರ್ಷ ಗಣಿತ ಕಲಿಸಿದ ಅಕ್ಕೋರು
ತುರುಬಿನ ಹೇರ್‌ಪಿನ್ ಕಿತ್ತು, ಹಲ್ಲಿಲೆ ಬಾಗಿಸಿ,
ಆ ತೂತಿನಾಗ ಸಿಗಿಸಿ ದಂಡಿಗೆ ಬಂದ್ರು,
ಕೂದಲು ಕೆದರಿ, ಮಾರಿ ತುಂಬ ಉಪ್ಪು.
ಇದನ್ನ ಬರಕೊ, ಅಂದ್ರು. ಪಿನ್ನು ಒಂದು, ರಿಂಗು ಒಂದು.
ಹೇರ್‌ಪಿನ್ನಿನ ರೊಕ್ಕ ಬ್ಯಾಡ.

ಸಡಲಿದ್ದು ಕಣ್ಣಿಗೆ ಕಾಣೂದಿಲ್ಲ.
ಸ್ಕ್ರೂಡ್ರೈವರಿನ ಹಿಡಿಕಿ ದವಡಿಗೆ ಒತ್ತಿ
ತುದಿ ತೊಲಿ ಮ್ಯಾಲ ಇಟ್ಟು, ಗುದ್ರಿ ಅಂತೀನಿ.
ಅಕ್ಕೋರು ಮುಷ್ಟಿಲೆ ಗುದ್ದತಾರ.
ಬಿಗಿ ಇದ್ದದ್ದು ಠಣ್ ಅಂತ ಎಲುಬಿಗೆ ಬರತೈತಿ.
ಮೂರನೇದು ಮಾತ್ರ, ಕಂಬದ ಬುಡದ್ದು,
ಬಾಕಿ ಕೊಡಬೇಕಾದಾತನಂಗ ತೊದಲತೈತಿ.

ಬಿಚ್ಚಿದೆ. ಒಳಗ ಬಿಳೀ ಹಿಟ್ಟು.
ಉಪ್ಪುನೀರು ಕೂಡಿದ್ರ ಸ್ಟೀಲಿನ ಸಂಗಾಟ
ಅಲ್ಯುಮಿನಿಯಂ ಬಾಳುವೆ ಮಾಡೂದಿಲ್ಲ,
ಸದ್ದಿಲ್ಲದ ಕರಗಿ ಹೋಗತೈತಿ.
ಹಳೇ ಹಲ್ಲುಬ್ರಷ್, ಸಿಹಿನೀರು, ಒಣಾ ಅರಿವಿ.
ಅಗಲ ವಾಷರ್, ನೈಲಾನ್ ಕೊರಳಿನ ನಟ್ಟು,
ಎಳಿಗೆ ನೀಲಿ ಅಂಟು, ಒಂದೇ ಹನಿ.

ಬಿಗಿಯೂದು ಎಲ್ಲಿಗೆ ನಿಲ್ಲಬೇಕು?
ಮೊದಲ ವರ್ಷ ಮಗ್ಗದ ಲೆಕ್ಕದಾಗ ಬಿಗಿದಿದ್ದೆ,
ದಮ್ಮು ಕಟ್ಟಿ, ಎರಡೂ ಕೈಲೆ.
ಚರ್ ಅಂತು. ಬೀಡು ಆಗಿದ್ರ ತಡಕೋತಿತ್ತು.
ಫೈಬರಿನ ಮೈಯಾಗ ಕೂದಲಿನಷ್ಟು ಗೀರು.
ಅಕ್ಕೋರು ಬೈಲಿಲ್ಲ. ಪೆನ್ನು ತಗದು
ಗೀರಿನ ಪಕ್ಕ ತಾರೀಖು ಬರದ್ರು.
ಪ್ರತಿ ವರ್ಷ ಬಣ್ಣ ಹಚ್ಚತೀವಿ,
ಆ ತಾರೀಖು ಬಿಟ್ಟು.

ಈಗ ಮಣಿಕಟ್ಟು ಸಾಕು ಅಂದಲ್ಲಿ ನಿಲ್ಲತೀನಿ.

ಕಡೀಕ ಪಣಜಿ ಪ್ಯಾಟಿಯ ಕೆಂಪು ಉಗುರುಬಣ್ಣದ ಶೀಶೆ.
ಅಕ್ಕೋರು ಒಂದು ದಿನ ಉಗುರಿಗೆ ಹಚ್ಚಿದವರಲ್ಲ.
ನಟ್ಟಿನ ತಲಿಯಿಂದ ವಾಷರ್ ದಾಟಿ ತೊಲಿತನಕ
ಒಂದು ನೆಟ್ಟಗಿನ ಗೆರಿ ಎಳೀತಾರ, ಉಸಿರು ಹಿಡದು.
ಗೆರಿ ಮುರಿದ್ರ ನಟ್ಟು ತಿರಗೈತಿ ಅಂತ ತಿಳಿ.
ಸಾಕ್ಷಿಗೆ ಯಾರೂ ಬ್ಯಾಡ.

ತಿಸರಿ ಆರಿಸೋ ಹೆಂಗಸರು ಬುಟ್ಟಿ ಎತ್ತಿ ಹೊಂಟಿದ್ರು,
ಎದುರು ಮುರ್ಗಾಂವಿನ ದೀಪ ಒಂದೊಂದೇ.
ದೋಣಿ ಬಂತು. ಉಸುಕಿನ ಮ್ಯಾಲ ಎಳಕೊಂಡ್ವಿ.
ಬ್ಯಾಟರಿ ಹಿಡದು ಮಂಡಿ ಊರಿ ನೋಡಿದ್ವಿ:
ಏಳು ಗೆರಿ ಇದ್ದಂಗ ಇದ್ದವು.
ಮೂರನೇದು ಮುರದಿತ್ತು,
ಅಕ್ಕಿಕಾಳಿನ ಅಗಲ.

ಇಷ್ಟೇನಾ, ಅಂದ್ರು ಅಕ್ಕೋರು,
ಒಂದು ಮಾರ್ಕು ಕಳಕೊಂಡು ಅಳೂ ಹುಡುಗಗ ಅಂದಂಗ.
ಸತ್ತ ಎಡಗಿವಿಯಾಗ ಬನಹಟ್ಟಿ ಮಗ್ಗ
ಖಟಾಖಟ್ ಖಟಾಖಟ್ ನಡದೇ ಇತ್ತು.
ಪಾನಾ ಹಚ್ಚಿ ಕಾಲು ಸುತ್ತು ತಿರುವಿದೆ.

ಹಳೇ ಗೆರಿ ಒರಸಲಿಲ್ಲ.
ಅಕ್ಕೋರು ಶೀಶೆ ನನ್ನ ಕೈಗೆ ಕೊಟ್ರು.
ಪಕ್ಕಕ್ಕ ಇನ್ನೊಂದು ಎಳದೆ,
ಸ್ವಲ್ಪ ಸೊಟ್ಟ.