ಕೊರ್ವೊ ದ್ವೀಪದ ಎಲೆ

ಬೆಳಗಿನ ಐದೂವರೆ. ಪೊಂಟ ದೆಲ್ಗಾದದ ಬಂದರಿನಲ್ಲಿ
ಮಂಜುಗಡ್ಡೆಯ ಮೇಲೆ ಟ್ಯೂನಾ ಮಲಗಿರುತ್ತದೆ, ಕಣ್ಣು ಬಿಟ್ಟುಕೊಂಡೇ.
ಇಲ್ಲಿ ಹರಾಜು ಏರುವುದಿಲ್ಲ, ಇಳಿಯುತ್ತದೆ:
ಕಿಲೋಗೆ ಒಂಬತ್ತು, ಎಂಟು ತೊಂಬತ್ತು, ಎಂಟು ಎಂಬತ್ತು...
ಮೊದಲು ಗುಂಡಿ ಒತ್ತಿದವನಿಗೆ ಮೀನು.
ತಡೆದುಕೊಂಡವನಿಗೆ ಲಾಭ. ತಡವಾದವನಿಗೆ ಬರಿಗೈ.

ಒಂಬತ್ತು ದ್ವೀಪ; ನಮ್ಮದು ಬಿಟ್ಟರೆ ಎಂಟು. ಎಲ್ಲ ಪರದೆಗೂ ಅದೇ ಅಂಕಿ.
ನಮಗಿಂತ ಮೊದಲಿದ್ದವರು ಅದನ್ನು ಎಂಟು ಸಲ ನಕಲು ಮಾಡಿ
ಒಂದೇ ಕೇಬಲ್ಲಿಗೆ ತುರುಕುತ್ತಿದ್ದರು,
ಒಂದೇ ಸುದ್ದಿ ಹೊತ್ತ ಎಂಟು ಅಂಚೆಯವರು
ಇಕ್ಕಟ್ಟಿನ ಮೆಟ್ಟಿಲಲ್ಲಿ ಭುಜ ತಿಕ್ಕಿಕೊಂಡು ಇಳಿದಂತೆ.
ಕಟ್ಟಕಡೆಯ ಕೊರ್ವೊಗೆ ತಲುಪುವಾಗ
ಅಂಕಿ ಎರಡು ಸೆಕೆಂಡು ಹಳಸಿರುತ್ತಿತ್ತು.

ಅಲ್ಲಿ ಕೂತು ಪಿಕೊದ ಡಬ್ಬಿ ಕಾರ್ಖಾನೆಗೆ ಮೀನು ಹಿಡಿಯುವ ದಲ್ಲಾಳಿ
ಎವರಿಸ್ತು ಫೋನಿನಲ್ಲಿ ಬೈಯುತ್ತಿರಲಿಲ್ಲ. ಅದೇ ಕಷ್ಟ.
"ಹುಡುಗೀ, ನಾನು ನೋಡುವ ಮೀನು ಆಗಲೇ ಮಾರಿಹೋಗಿರುತ್ತದೆ,
ನಕ್ಷತ್ರ ನೋಡಿದ ಹಾಗೆ."

ಒಂದು ಭಾನುವಾರ ರಾತ್ರಿ ದೆಲ್ಫಿನಾ, ನಾನು, ಒಂದು ಫ್ಲಾಸ್ಕು ಕಾಫಿ.
ಪ್ರತಿ ರೌಟರಿಗೂ ಬುದ್ಧಿ ಹೇಳಿದೆವು:
ಒಂದೇ ಪ್ರತಿ ಹೊರಡಲಿ. ದಾರಿ ಕವಲೊಡೆಯುವಲ್ಲಿ ಮಾತ್ರ ಎರಡಾಗಲಿ.
ಕೂತವರಿಗೆ ಬಡಿಸು. ಎದ್ದವರ ಎಲೆಗೆ ಸುರಿಯಬೇಡ.
ಅದೇ ಗಾಜಿನೆಳೆಯಲ್ಲಿ ಆಸ್ಪತ್ರೆಯ ಎಕ್ಸ್-ರೇ, ಬ್ಯಾಂಕಿನ ಲೆಕ್ಕ
ಒಬ್ಬರ ಉಸಿರು ಒಬ್ಬರಿಗೆ ತಾಗದೆ ಹೋಗುತ್ತಿರುತ್ತವೆ,
ಇಡೀ ಕಡಲು ತಮ್ಮೊಬ್ಬರದೇ ಎಂದುಕೊಂಡು.
ಆ ಭ್ರಮೆಗೇ ಅವರು ತಿಂಗಳು ತಿಂಗಳು ಹಣ ಕಟ್ಟುವುದು.
ಅದನ್ನು ಮುರಿಯಬೇಡ.

ನಸುಕಿಗೆ ಮರ ಬೆಳೆದಿತ್ತು: ಬೇರು ಇಲ್ಲಿ,
ತೆರ್ಸೈರದಲ್ಲಿ ಒಂದು ಕವಲು, ಫಯಾಲಿನಲ್ಲಿ ಇನ್ನೊಂದು,
ಫ್ಲೋರೆಸ್ ದಾಟಿದರೆ ತುದಿಯ ಎಲೆ, ಕೊರ್ವೊ.
ಸೋಮವಾರ ಎವರಿಸ್ತು ನೂರ ನಲವತ್ತು ಕಿಲೋ ಹಿಡಿದ.
ಫೋನು ಮಾಡಲಿಲ್ಲ. ನೆಟ್ಟಗಿರುವುದಕ್ಕೆ ಯಾರು ಫೋನು ಮಾಡುತ್ತಾರೆ?

ಫೆಬ್ರವರಿಯ ಒಂದು ಬೆಳಗು ಪಟ್ಟಿಯಲ್ಲಿ ಆ ಎಲೆ ಇರಲಿಲ್ಲ.
ದೋಷವೇನಲ್ಲ. ಕೆಂಪು ದೀಪ ಹತ್ತಲಿಲ್ಲ.
ಕೇಳುವವನಿಲ್ಲವೆಂದು ಮರ ತಾನೇ ರೆಂಬೆ ಉದುರಿಸಿತ್ತು,
ನಾವು ಕಲಿಸಿಕೊಟ್ಟ ಹಾಗೇ, ಚೂರೂ ಸದ್ದಿಲ್ಲದೆ.
ಕೇಬಲ್ಲಿನಲ್ಲಿ ಅಷ್ಟು ಜಾಗ ಉಳಿಯಿತು.
ದೆಲ್ಫಿನಾ ಆ ಉಳಿತಾಯದ ಗೆರೆಯನ್ನೇ ನೋಡುತ್ತ ಕೂತಳು.
ಎಂಟು ಇಪ್ಪತ್ತು. ಎಂಟು ಹತ್ತು.

ಆಮೇಲೆ ನಿಯಮದಲ್ಲಿಲ್ಲದ ಕೆಲಸ ಮಾಡಿದಳು:
ಮೇಜಿನ ಫೋನೆತ್ತಿದಳು. ಹನ್ನೊಂದು ಸಲ ರಿಂಗಾಯಿತು.
"ಪರದೆ ಸುಟ್ಟುಹೋಗಿದೆ ಹುಡುಗೀ, ಸೂಪು ಚೆಲ್ಲಿದೆ ಅದರ ಮೇಲೆ.
ಬೆಲೆ ಎಷ್ಟಾಯಿತು, ಅದು ಹೇಳು."
ಅವಳು ಹೇಳುತ್ತ ಹೋದಳು. ಏಳು ತೊಂಬತ್ತು. ಏಳು ಎಂಬತ್ತು.
"ಈಗ!" ಎಂದ.
ಅವಳ ಬಳಿ ಗುಂಡಿ ಇರಲಿಲ್ಲ, ಅಂಕಿಯಷ್ಟೇ ಇತ್ತು.
ಓರ್ತಾದ ಯಾರೋ ಆಗಲೇ ಒತ್ತಿದ್ದರು.

ಆ ತುದಿಯಲ್ಲಿ ಮುದುಕನ ನಗು, ಅದರ ಹಿಂದೆ ಗಾಳಿ.
ಅದನ್ನು ನಾವು ಯಾವ ದ್ವೀಪಕ್ಕೂ ಹಂಚಲಿಲ್ಲ.