ಸ್ಟ್ರೆಚರ್ ಇದ್ದಲ್ಲಿ ಗಾದಿ

ಹರಾಜಿನಾಗ ಹಿಡದದ್ದು, ಹಳೇ ಆಂಬುಲೆನ್ಸು.
ಗೋಕುಲ ರೋಡಿನ ಶೆಡ್ಡಿನಾಗ ಎಂಟು ತಿಂಗಳು ಬಿಚ್ಚಿ, ಬಡದು
ಇವರು ಅದನ್ನ ಮನಿ ಮಾಡಿದ್ರು.
(ರಾಜೇಸಾಬ ಮೇಸ್ತ್ರಿ ಅಂದ್ರ ಆ ಸಾಲಿನಾಗ ಎಲ್ಲಾರಿಗೂ ಗೊತ್ತು.)
ಸಿಲಿಂಡರಿಗೊಂದು ಗೂಡು, ನೀರಿಗೆ ನೀಲಿ ಕ್ಯಾನು,
ಸಲೈನ್ ಬಾಟ್ಲಿ ತೂಗೂ ಕೊಕ್ಕಿಗೆ
ನನ್ನ ಚಾ ಸೋಸೂ ಜಾಳಿಗಿ.
ಗಾದಿ ಮಾತ್ರ ನಾನೇ ತುಂಬಿದೆ. ನದಾಫರ ಮಗಳು,
ಅರಳಿ ವಿಚಾರದಾಗ ಇನ್ನೊಬ್ಬರ ಕೈ ನಂಬೂದಿಲ್ಲ.

ಬಿಳಿ ಬಣ್ಣದ ಮ್ಯಾಲೆ ಹಸರು ಬಳದೇವಿ, ಎರಡು ಕೈ.
ಆದರೂ ಬಿಸಿಲು ಅಡ್ಡ ಬಿದ್ದಾಗ
ಮುಂದಿನ ತಗಡಿನಾಗ ಆ ತಿರುವುಮುರುವು ಅಕ್ಷರ
ಕಂಡೂ ಕಾಣದಂಗ ಏಳ್ತಾವು.

ಇವರ ಹಂಬಲ ಜೈಸಲ್ಮೇರ್.
ಮೊದಲು ಇಲ್ಲೇ ನಾಕು ರಾತ್ರಿ ನೋಡೂಣು ಅಂದೆ,
ಗಾಡಿ ತಾಳತದೋ, ನಾ ತಾಳತೀನೋ.
ಹುಬ್ಬಳ್ಳಿ ದಾಟಿದ್ರ ಮರುಭೂಮಿಗೇನು ಬರ?
ಕಡ್ಲಿ ಕಿತ್ತ ಎರಿ ಹೊಲ, ಬಿರುಕಿನಾಗ ಕೈ ಬಿಟ್ರ ಮೊಣಕೈ ಮಟ,
ಕಣ್ಣು ಹೋದಷ್ಟೂ ಒಂದು ಗಿಡ ಇಲ್ಲ,
ಇದ್ದೊಂದು ಜಾಲಿಯ ನೆಳ್ಳಿಗೆ ಆಗಲೇ ಎರಡು ಎತ್ತು.

ಮೊದಲ ರಾತ್ರಿ ಅಣ್ಣಿಗೇರಿ ಆಚೆ
ಬಂದ್ ಬಿದ್ದ ಜಿನ್ನಿಂಗ್ ಮಿಲ್ಲಿನ ಗ್ವಾಡಿಗೆ.
ಅನ್ನ ಇನ್ನೂ ಕುದೀತಿತ್ತು, ಬಾಗಿಲು ಬಡದ್ರು.
ಒಬ್ಬ ಮುದುಕ, ಕೈಯಾಗ ಬೆವತು ಮೆತ್ತಗಾದ ಚೀಟಿ:
'ಡಾಕ್ಟರ್ ಎಷ್ಟೊತ್ತಿಗೆ ಬರ್ತಾರ?'
ದವಾಖಾನಿ ಅಲ್ಲ ಕಾಕಾ, ಮನಿ, ಅಂದ್ರು ಇವರು.
ಆತ ಹಣಿಕಿ ನೋಡಿದ: ಒಲಿ, ಗಾದಿ, ನಾನು.
'ಮನಿ ಇದ್ದವರು ಮತ್ಯಾಕ ತಿರಗತೀರಿ?'
ಉಣ್ಣಾಕ ಬಾ ಅಂದೇವಿ. ಉಂಡ.
ಪ್ರಶ್ನಿ ಅಲ್ಲೇ ತಾಟಿನ ಅಂಚಿಗೆ ಕುಂತಿತ್ತು.

ಮಾಗಡಿ ಕೆರಿ ದಂಡಿಯಾಗ ಎರಡನೇದ್ದು.
ಹಿಮದ ಗುಡ್ಡ ದಾಟಿ ಬಂದ ಬಾತುಗಳು
ಇಡೀ ರಾತ್ರಿ ಸಂತಿ ಹಚ್ಚಿದ್ದವು.
ವಾಚರ್ ಬಂದು ಲೈಟ್ ಆರಸ್ರಿ ಅಂತ ದಬಾಯಿಸಿದ,
ಟಾರ್ಚು ಮುಂದಿನ ತಗಡಿನ ಮ್ಯಾಲೆ ಬಿತ್ತು,
ದನಿ ಇಳಿಸಿ ಕೇಳಿದ, 'ತಲಿನೋವಿನ ಗುಳಿಗಿ ಐತೇನ್ರಿ?'

ಮೂರನೇದ್ದು ಡಂಬಳ ದಾಟಿ, ಕಪ್ಪತಗುಡ್ಡದ ಬುಡಕ್ಕ.
ಗಾಳಿಯಂತ್ರಗಳ ಕೆಂಪು ದೀಪ
ಎಲ್ಲಾ ಒಮ್ಮೆಗೇ ಹತ್ತತಾವು, ಒಮ್ಮೆಗೇ ಆರತಾವು.
ಒಂದೂವರಿಗೆ ಬೈಕು. ಕುರಿ ಹಟ್ಟಿಯ ಹುಡುಗ,
ಮಾತಿಗಿಂತ ಮೊದಲು ಉಸಿರು:
'ಅಕ್ಕಗ ಬ್ಯಾನಿ. ಸಂಜಿಗೆ ನಿಮ್ಮ ಗಾಡಿ ಹೋಗೂದು ನೋಡಿದ್ದೆ.'
ಇದು ಆ ಗಾಡಿ ಅಲ್ಲಪ್ಪ ಅನ್ನಾಕ ನಾ ಬಾಯಿ ತಗದೆ.
ಇವರು ಚಾವಿ ತಿರುವಿದ್ರು.

ಮುಂಡರಗಿ ತನಕ ಆಕಿ ನನ್ನ ಗಾದಿ ಮ್ಯಾಲೆ,
ನಾ ಆಕಿ ಬೆನ್ನಿಗೆ.
ಪ್ರತಿ ತಗ್ಗಿಗೂ ಇವರು 'ಸವಕಾಶ, ಸವಕಾಶ' ಅಂತಿದ್ರು,
ಆಕಿಗೋ, ಗಾಡಿಗೋ, ತಮಗೋ.
ಹಿಡಿಯಾಕ ಏನರೆ ಬೇಕಾಗಿತ್ತು, ಕೊಕ್ಕಿಯ ಜಾಳಿಗಿ ಸಿಕ್ತು,
ಅದನ್ನೇ ಹಿಡಕೊಂಡು ಇಳದು ಒಳಗ ಹೋದಳು.
ಹೆಸರು ಕೇಳೂದು ಮರತೆ.
ಬಾಗಲದಾಗ ಕುಂತ ನರ್ಸು ಹೊರಗ ನೋಡದೇ
ರಜಿಸ್ಟರಿನಾಗ ಬರದಳು: ಆಂಬುಲೆನ್ಸ್.

ಉಳದ ರಾತ್ರಿ ದವಾಖಾನಿ ಅಂಗಳದಾಗ ನಿಂತೇವಿ.
ನಿದ್ದಿ ಇಲ್ಲ. ಗಾದಿ ಅರ್ಧ ತೊಯ್ದಿತ್ತು.
ಮುಂಜಾನೆ ಹೊಲಿಗಿ ಬಿಚ್ಚಿ ಅರಳಿ ಟಾಪಿನ ಮ್ಯಾಲೆ ಹರವಿದೆ,
ಬೆರಳಿನಿಂದ ಗಂಟು ಬಿಡಿಸಿಕೋತ.
ಕೆಳಗ ನಿಂತು ಇವರು ನಕಾಶಿ ಮಡಚಿದ್ರು, ಬಿಚ್ಚಿದ್ರು.
'ಹೋಗೂಣೇನು ಮುಂದ?'
ಮೊದಲು ಗಾದಿ ಒಣಗಲಿ, ಅಂದೆ.

ಬಿಸಿಲೇರಿದ ಮ್ಯಾಲೆ ಆ ಹುಡುಗ ಓಡಿ ಬಂದ,
ಜಾಳಿಗಿ ಕೊಟ್ಟ, ಹಲ್ಲು ಬಿಟ್ಟ,
ಏನೂ ಹೇಳದೇ ತಿರುಗಿ ಓಡಿದ.
ಅದರ ಬಾಯಿ ಮುಷ್ಟಿಯ ಆಕಾರಕ್ಕ ಸೊಟ್ಟಾಗಿತ್ತು.
ಆವತ್ತಿನ ಚಾದಾಗ ಪುಡಿ ಇಳೀತು.
ಇಬ್ಬರೂ ಸುಮ್ಮನ ಕುಡದೇವಿ.